ಅಂಚಿನಿಂದ ನಡುವಿಗೆ: ಘಟಪ್ರಭೆ ದಂಡೆಯ ಕೌದಿ

ಗೋಕಾಕ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಕರದಂಟು, ಆಮೇಲೆ ಜಲಪಾತ. ಇನ್ನೂ ಸ್ವಲ್ಪ ತಿಳಿದವರಾದರೆ ಬಣ್ಣದ ಗೊಂಬೆಯ ಮಾತು ತೆಗೆಯುತ್ತಾರೆ. 1908ರ ಸುಮಾರಿಗೆ ಅಚ್ಚಾದ ಇಂಪೀರಿಯಲ್ ಗ್ಯಾಝೆಟಿಯರ್ ಕೂಡ ಅದನ್ನೇ ಬರೆದುಕೊಂಡಿದೆ: ಹಗುರ ಮರದಿಂದಲೂ ಊರ ಸುತ್ತಮುತ್ತ ಸಿಗುವ ಒಂದು ಬಗೆಯ ಮಣ್ಣಿನಿಂದಲೂ ಮಾಡಿದ ಹಣ್ಣುಗಳು, ಆಕೃತಿಗಳು ಇಲ್ಲಿ ಹೆಸರುವಾಸಿ, ಒರಟು ಕಾಗದ ಅಷ್ಟಿಷ್ಟು ತಯಾರಾಗುತ್ತದೆ, ಹಿಂದೆ ದೊಡ್ಡದಾಗಿದ್ದ ಬಣ್ಣಗಾರಿಕೆ ಮತ್ತು ನೇಯ್ಗೆ ಬಿದ್ದುಹೋಗಿ ಈಗ ಮತ್ತೆ ಚೇತರಿಸಿಕೊಳ್ಳುತ್ತಿದೆ. ಹಳೆಯ ಬಟ್ಟೆಯ ಪದರು ಹೊಲಿದು ಮಾಡುವ ಹೊದಿಕೆ, ಕೌದಿ, ಅದರ ಸುದ್ದಿ ಅಲ್ಲಿಲ್ಲ. ಇರುವುದಕ್ಕೆ ಕಾರಣವೂ ಇರಲಿಲ್ಲ. ಕೌದಿ ಪೇಟೆಗೆ ಬಂದು ತೂಕವಾಗುವ ಮಾಲಲ್ಲ, ನಾಕೆಯಲ್ಲಿ ಅದಕ್ಕೆ ಜಕಾತಿ ಇಲ್ಲ. ಸಾಹೇಬರು ಡೇರೆ ಹಾಕಿಕೊಂಡು ತಾಲೂಕು ತಿರುಗುವಾಗ ಪ್ರತಿ ಊರಿನ ಬೇಲಿಯ ಮೇಲೂ ಒಂದೆರಡು ಕೌದಿ ಒಣಗುತ್ತಿದ್ದವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಂಡಿರಬೇಕು, ಬರೆದುಕೊಂಡಿಲ್ಲ ಅಷ್ಟೇ.

ನಾನು ಹೊಲಿಗೆ ಕಲಿಸಿ ಹೊಟ್ಟೆ ಹೊರೆದವಳು. ಹುಟ್ಟಿದ್ದು ಗೋಕಾಕ ಫಾಲ್ಸಿನ ಗಿರಣಿ ಚಾಳಿನಲ್ಲಿ, ಕೊಟ್ಟದ್ದು ಹುಕ್ಕೇರಿ ಕಡೆಗೆ, ಚಿಕ್ಕವ್ವನ ಮನೆ ಮೂಡಲಗಿಯಲ್ಲಿ. ಮೂಡಲಗಿ ಆಗ ಬೇರೆ ತಾಲೂಕಾಗಿರಲಿಲ್ಲ, ಗೋಕಾಕಕ್ಕೇ ಸೇರಿತ್ತು. ಈ ಮೂರು ಮನೆಗಳ ಕೌದಿಗಳನ್ನು ಹೊದ್ದು, ತೊಳೆದು, ಬಿಚ್ಚಿ, ಮತ್ತೆ ಹೊಲಿದು ನನಗೆ ಗೊತ್ತಾದದ್ದನ್ನು ಬರೆಯುತ್ತಿದ್ದೇನೆ.

ಹೊಲಿಗೆ ಕ್ಲಾಸಿನಲ್ಲಿ ನಾವು ಕಲಿಸುವ ಕ್ರಮ ಒಂದಿದೆ. ಮೊದಲು ಅಳತೆ, ಆಮೇಲೆ ಕಾಗದದ ಮೇಲೆ ಡ್ರಾಫ್ಟಿಂಗ್, ಕಾಗದ ಕತ್ತರಿಸಿದ ಮೇಲೆ ಬಟ್ಟೆಗೆ ಕತ್ತರಿ. ಹೊಲಿಗೆ ಕೊನೆಗೆ. ರವಿಕೆ ಹೀಗೇ ಆಗಬೇಕು, ಇಲ್ಲದಿದ್ದರೆ ಬಗಲು ಬಿಗಿಯುತ್ತದೆ. ಕೌದಿ ಈ ಕ್ರಮಕ್ಕೆ ಪೂರಾ ಉಲ್ಟಾ. ಅಲ್ಲಿ ಕಾಗದವೇ ಇಲ್ಲ. ಹೊಲಿಯುತ್ತ ಹೋದ ಹಾಗೆ ಅದು ಏನಾಗಬೇಕೆಂಬುದು ನಿಕ್ಕಿಯಾಗುತ್ತದೆ. ಅದಕ್ಕೇ ಒಬ್ಬಳ ಕೌದಿ ಇನ್ನೊಬ್ಬಳದಂತೆ ಇರುವುದಿಲ್ಲ. ಅಂದಚೆಂದಕ್ಕೆ ಬಂದ ಗುಣ ಇದಲ್ಲ, ಕೆಲಸದ ಕ್ರಮದಿಂದಲೇ ಬಂದದ್ದು. ಆ ಕ್ರಮಕ್ಕೂ ಈ ಸೀಮೆಯ ಬಟ್ಟೆಯ ಇತಿಹಾಸಕ್ಕೂ ಸಂಬಂಧ ಇದೆ.

ಗೋಕಾಕ ಹಳೆಯ ಊರು. 1047ರ ಶಾಸನದಲ್ಲಿ ‘ಗೋಕಾಗೆ’ ಎಂಬ ಹೆಸರಿದೆ. ಹದಿನೆಂಟನೆಯ ಶತಮಾನದಲ್ಲಿ, 1717ರಿಂದ 1754ರ ತನಕ, ಸವಣೂರು ನವಾಬರ ಕೈಯಲ್ಲಿತ್ತು, ಆಮೇಲೆ ಪಟವರ್ಧನರದಾಯಿತು, 1836ರಲ್ಲಿ ಗೋವಿಂದರಾವ್ ಪಟವರ್ಧನರು ತೀರಿಕೊಂಡ ಮೇಲೆ ಇಂಗ್ರಜಿ ಸರಕಾರಕ್ಕೆ ಹೋಯಿತು. ಯಾರು ಆಳಿದರೂ ಬಟ್ಟೆ ಕೈಮಗ್ಗದ್ದು, ಬಣ್ಣ ಊರಿನ ಬಣ್ಣಗಾರರದು, ಒಂದು ಸೀರೆ ಸಿಗಬೇಕಾದರೆ ಒಂದು ಹಂಗಾಮಿನ ಕಾಳು ಹೋಗಬೇಕು. ಅಂಥ ಸೀರೆ ಹರಿದರೆ ಯಾರಾದರೂ ಬಿಸಾಡುತ್ತಾರೆಯೇ? ಒಡಲು ಹರಿದರೆ ಸೆರಗು ಉಳಿಯುತ್ತದೆ, ಸೆರಗು ಹೋದರೆ ಅಂಚು ಉಳಿಯುತ್ತದೆ. ಉಳಿದದ್ದೆಲ್ಲ ಗಂಟಿಗೆ. ಕೌದಿ ಹುಟ್ಟಿದ್ದು ಆ ಗಂಟಿನಿಂದ.

1885ರಲ್ಲಿ ಫೋರ್ಬ್ಸ್ ಕಂಪನಿಯವರು ಜಲಪಾತದ ಪಕ್ಕ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಕಟ್ಟಿದರು. ಎರಡು ವರ್ಷಕ್ಕೆ ಗಿರಣಿ ಸುರುವಾಯಿತು. ಸುಮಾರು 170 ಅಡಿಯಿಂದ ಬೀಳುವ ಘಟಪ್ರಭೆಯ ನೀರಿನ ಶಕ್ತಿಯಿಂದ ತಿರುಗುವ ಗಿರಣಿ. ಅದರ ಮುಖ್ಯ ಕೆಲಸ ನೂಲು ತೆಗೆಯುವುದು. ನಮ್ಮಪ್ಪ ರಿಂಗ್ ಖಾತೆಯಲ್ಲಿದ್ದ. ಪಾಳಿ ಮುಗಿಸಿ ಬಂದರೆ ಮೀಸೆ, ಹುಬ್ಬು, ಕಿವಿಯ ಕೂದಲಿನ ತನಕ ಅರಳೆಯ ಹಿಂಜು. ಇಷ್ಟು ನೂಲಿನ ನಡುವೆ ಬದುಕಿದ ನಮ್ಮ ಚಾಳಿನಲ್ಲಿ ಹೊದೆಯುವುದಕ್ಕೆ ಇದ್ದದ್ದು ಮಾತ್ರ ಹರಕು ಸೀರೆಯ ಕೌದಿಯೇ. ನೂಲು ಮಗ್ಗದ ಊರುಗಳಿಗೆ ಹೋಗುತ್ತಿತ್ತು. ಈ ಕಡೆ ಸೀರೆ ಬರುತ್ತಿದ್ದದ್ದು ಇಳಕಲ್ಲಿನಿಂದ, ಬನಹಟ್ಟಿ-ರಬಕವಿಯಿಂದ, ಬೆಳಗಾವಿಯ ಶಹಾಪುರದಿಂದ. ಕುಬಸದ ಖಣ ಗುಳೇದಗುಡ್ಡದ್ದು.

ಹುಕ್ಕೇರಿಯ ನಮ್ಮ ಅತ್ತೆಯ ಮನೆಯಲ್ಲಿ ಒಂದು ಕೌದಿ ಇತ್ತು. ಅತ್ತೆಯ ಅತ್ತೆ ಹೊಲಿದದ್ದು ಅನ್ನುತ್ತಿದ್ದರು. ಹಾಸಿ ಹಾಸಿ ಮೂಲೆಗಳು ಕಿತ್ತುಬಂದಾಗ ಬಿಚ್ಚಿ ಮತ್ತೆ ಕಟ್ಟುವ ಕೆಲಸ ನನಗೆ ಬಂತು. ಮೇಲಿನ ತ್ಯಾಪಿಗಳು, ಅಂದರೆ ತೇಪೆಗಳು, ಗಿರಣಿಯ ಹೂಬಟ್ಟೆ, ತಿಳಿ ಮಣ್ಣಿನ ಬಣ್ಣಕ್ಕೆ ಇಳಿದಿದ್ದವು. ಅದರಡಿ ಇಳಕಲ್ ಸೀರೆಯ ಒಡಲು, ಕರಿ ಚಂದ್ರಕಾಳಿ. ಒಂದು ಮಗ್ಗುಲಿಗೆ ತೋಪತೆನಿ ಸೆರಗಿನ ತುಂಡು. ಕೆಂಪಿನೊಳಗೆ ಬಿಳಿ ಹಲ್ಲುಗಳು ಇನ್ನೂ ಹೊಳೆಯುತ್ತಿದ್ದವು, ಯಾಕೆಂದರೆ ಎಂದೂ ಬಿಸಿಲು ಕಂಡಿರಲಿಲ್ಲ. ಅದರ ಕೆಳಗೆ ದಪ್ಪ ನೂಲಿನ ಚೌಕಡಿ ಬಟ್ಟೆ, ಎರಡೂ ಮಗ್ಗುಲು ಒಂದೇ ತರ ಕಾಣುವ ಅಂಚು. ಪಟ್ಟೇದಂಚು ಸೀರೆ ಅದು. ಸವದತ್ತಿ ಎಲ್ಲಮ್ಮನ ಜೋಗತಿಯರ ಮನೆಗಳಲ್ಲಿ ಉಳಿದಿದ್ದ ಹಳೆಯ ಸೀರೆಗಳನ್ನು ನೋಡಿ ಹೇಮಲತಾ ಜೈನ್ ಎಂಬವರು ಈಗ ಆ ನೇಯ್ಗೆಯನ್ನು ಮತ್ತೆ ಮಗ್ಗಕ್ಕೆ ತಂದಿದ್ದಾರೆ. ನಾನು ಅದನ್ನು ಮೊದಲು ಕಂಡದ್ದು ಕೌದಿಯ ಹೊಟ್ಟೆಯಲ್ಲಿ. ಇನ್ನೊಂದು ಪದರು ಖಾದಿ. ಇದಕ್ಕೂ ಲೆಕ್ಕ ಸಿಗುತ್ತದೆ: ಹುದಲಿ ದೂರವಿಲ್ಲ. ಖಾದಿ ಚಳವಳಿಯ ಗಂಗಾಧರರಾವ್ ದೇಶಪಾಂಡೆಯವರ ಊರು. 1937ರಲ್ಲಿ ಗಾಂಧಿ ಸೇವಾ ಸಂಘದ ಸಭೆಗೆ ಗಾಂಧೀಜಿಯೇ ಅಲ್ಲಿಗೆ ಬಂದು ಉಳಿದಿದ್ದರು. ಈ ಕಡೆ ಘಟಪ್ರಭಾ ಊರಿನಲ್ಲಿ ಹರ್ಡೀಕರ ಡಾಕ್ಟರರ ಸೇವಾದಳ. ಆ ಕಾಲಕ್ಕೆ ಮನೆಗೊಂದು ಖಾದಿ ಅಂಗಿ ಇರದಿದ್ದರೆ ಮರ್ಯಾದೆ ಇರಲಿಲ್ಲವಂತೆ. ಚಳವಳಿ ಮುಗಿದ ಮೇಲೆ ಅಂಗಿಗಳು ಕೌದಿಗೆ ಬಂದವು. ಎಲ್ಲಕ್ಕೂ ಕೆಳಗೆ ಏನಿತ್ತು ಅಂದರೆ ಇನ್ನೊಂದು ಕೌದಿ. ತೆಳ್ಳಗೆ, ತ್ಯಾಪಿಯ ಮೇಲೆ ತ್ಯಾಪಿ, ಒಂದೊಂದು ಅಂಗೈ ಅಗಲ ಕೂಡ ಇಲ್ಲ. ಅತ್ತೆ ಅದನ್ನು ನೋಡಿದ ಕೂಡಲೇ ಅಂದರು:

“ಇದು ಕಂಟ್ರೋಲ್ ಕಾಲದ್ದು. ಆವಾಗ ಸತ್ತವರಿಗೆ ಹೊಚ್ಚಾಕ ಅರಿಬಿ ಇರಲಿಲ್ಲವಾ.”

1943ರಲ್ಲಿ ಬಟ್ಟೆ ಮತ್ತು ನೂಲಿಗೆ ಸರಕಾರ ಕಂಟ್ರೋಲ್ ಹಾಕಿತ್ತು. ಯುದ್ಧದ ಕಾಲ. ಕೂಪನ್ನಿಗೆ ಇಷ್ಟು ಗಜ ಅಂತ ಬಟ್ಟೆ. ಆ ಪುಟ್ಟ ಪುಟ್ಟ ಚೂರುಗಳು ಒಬ್ಬಾಕೆಯ ಬಡತನದ ಗುರುತು ಮಾತ್ರವಲ್ಲ, ಇಡೀ ಹಿಂದುಸ್ತಾನದ ಗಿರಣಿ ಮಾಲು ಯಾವ ಕಡೆ ಹೋಯಿತು ಎಂಬುದರ ಲೆಕ್ಕವೂ ಹೌದು. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಅಷ್ಟು ಬರಗಾಲದಲ್ಲೂ ಆಕೆ ಕೆಂಪು ಚೂರುಗಳನ್ನು ಕಂಡಕಂಡಲ್ಲಿ ಹಚ್ಚಿರಲಿಲ್ಲ. ಕೂಡಿಸಿಟ್ಟುಕೊಂಡು, ಒಂದು ಮೂಲೆಯಿಂದ ಎದುರಿನ ಮೂಲೆಗೆ ಒಂದು ಓರೆ ಸಾಲು ನಡೆಸಿದ್ದಳು. ನಡುವೆ ಕೆಂಪು ತೀರಿಹೋಗಿದೆ. ಅಲ್ಲಿಂದ ಮುಂದೆ ಕಂದು, ಅದೂ ತೀರಿದ ಮೇಲೆ ಅರಿಸಿನ ಬಣ್ಣ. ಸಾಲು ಮಾತ್ರ ತಪ್ಪಿಲ್ಲ. ಯಾವ ಕಾಗದದ ಮೇಲೆ ಬರೆದುಕೊಂಡು ಇದನ್ನು ಹೊಲಿಯಲು ಬರುತ್ತದೆ? ಕೆಂಪು ಎಲ್ಲಿ ತೀರುತ್ತದೆಂದು ಆಕೆಗೆ ಮೊದಲೇ ಗೊತ್ತಿರಲಿಲ್ಲ.

ಕೌದಿ ಎಲ್ಲರ ಮನೆಯಲ್ಲೂ ಹೊಲಿಯುತ್ತಿದ್ದರು. ಆದರೆ ಅದನ್ನೇ ಕಸುಬು ಮಾಡಿಕೊಂಡವರು ಗೊಂದಲಿಗರ ಹೆಣ್ಣುಮಕ್ಕಳು. ಗಂಡಸರು ಸಂಬಾಳ, ತುಂತುಣಿ ಹಿಡಿದು ಮದುವೆ ಮನೆಗಳಲ್ಲಿ ಅಂಬಾಭವಾನಿಯ ಗೊಂದಲ ಹಾಕುವವರು. ಹೆಂಗಸರು ಊರೂರು ತಿರುಗಿ ಕೌದಿ ಹೊಲಿಯುತ್ತಿದ್ದರು. ಸುಗ್ಗಿ ಮುಗಿದು ಬಿಸಿಲು ಏರುವ ಹೊತ್ತಿಗೆ ಬಂದು ಗುಡಿಯ ಕಟ್ಟೆಯಲ್ಲೋ ಗೌಡರ ಪಡಸಾಲೆಯಲ್ಲೋ ಬೀಡು ಬಿಡುತ್ತಿದ್ದರು. ಕೂಲಿ ಎಂದರೆ ಜೋಳ, ಒಂದು ಹಳೆಯ ಸೀರೆ, ಕೆಲಸ ನಡೆದಷ್ಟು ದಿನ ಊಟ, ಎಲೆಅಡಿಕೆ. ರೊಕ್ಕದ ಮಾತು ಆಮೇಲೆ ಬಂದದ್ದು.

ನಾನು ಸಣ್ಣವಳಿದ್ದಾಗ ಚಿಕ್ಕವ್ವನ ಮನೆಗೆ ಬರುತ್ತಿದ್ದ ಮುದುಕಿಯೊಬ್ಬಳು ಕೆಲಸ ಸುರು ಮಾಡುವ ಬಗೆ ಕಣ್ಣಿಗೆ ಕಟ್ಟಿದೆ. ಗಂಟು ಬಿಚ್ಚಿ ಅರಿವೆಗಳನ್ನೆಲ್ಲ ಅಂಗಳದ ಮೇಲೆ ಸುರಿಯುತ್ತಿದ್ದಳು. ಸುರಿದು, ಸುಮ್ಮನೆ ಕೂತು ಎಲೆ ಹಾಕಿಕೊಳ್ಳುತ್ತಿದ್ದಳು. ಬಟ್ಟೆಯನ್ನು ನೋಡುವುದೇ ಒಂದು ಕೆಲಸ. ಚಿಕ್ಕವ್ವನಿಗೆ ಅವಸರ. ಕೂಲಿ ಕೊಡುವವಳು ಅವಳಲ್ಲವೇ.

“ಯಾವಾಗ ಹಚ್ಚಾಕಿ ಬೇ, ಹೊತ್ತ ಏರಾಕತ್ತೇತಿ.”

“ತಡೀರಿ ಅವ್ವಾರ, ಯಾವ ಅರಿಬಿ ಯಾವದರ ಸಂಗಾಟ ಕುಂಡ್ರತೇತಿ ನೋಡೂನು.”

ಆಮೇಲೆ ತೆಗೆದು ಬೇರೆ ಬೇರೆ ಗುಂಪು ಮಾಡುವುದು. ಬಣ್ಣದ ಮೇಲಲ್ಲ, ಸವೆತದ ಮೇಲೆ. ಬೆರಳ ನಡುವೆ ತಿಕ್ಕಿ, ಬೆಳಕಿಗೆ ಹಿಡಿದು, ಹೊಟ್ಟೆಗೆ ಹೋಗುವುದು ಯಾವುದು, ಮೈ ಮೇಲೆ ಬರುವುದು ಯಾವುದು ಅಂತ. ಜಾಳಾದ ಬಟ್ಟೆ ಒಳಗೆ, ಗಟ್ಟಿ ಇದ್ದದ್ದು ಮೇಲೆ. ಸಾರಿಸಿದ ನೆಲದ ಮೇಲೆ ಒಂದು ಧೋತರ ಹಾಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿ, ಪದರು ಹೊಂದಿಸುವುದು. ಇಲ್ಲಿಂದ ಸೂಜಿಯ ಕೆಲಸ. ಅದು ಸುರುವಾಗುವುದು ಅಂಚಿನಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಸಂಗತಿ ಇಲ್ಲೇ ಇದೆ. ಬೇರೆ ದೇಶಗಳಲ್ಲಿ ಪದರುಪದರಾಗಿ ಹೊಲಿಯುವ ಹೊದಿಕೆಗಳಿಗೆ ಪುಸ್ತಕದಲ್ಲಿ ಹೇಳುವ ನಿಯಮ ನಡುವಿನಿಂದ ಹೊರಗೆ ಹೋಗು ಅಂತ. ಸೂಜಿ ಹೋದಂತೆ ಬಟ್ಟೆಯ ಸಡಿಲು ಮುಂದೆ ಮುಂದೆ ಸರಿಯುತ್ತದೆ. ನಡುವಿನಿಂದ ಹೊರಟರೆ ಆ ಸಡಿಲು ಅಂಚಿನಲ್ಲಿ ಹೊರಬಿದ್ದು ಹೋಗುತ್ತದೆ, ಕತ್ತರಿಸಿದರೆ ಮುಗಿಯಿತು. ನಮ್ಮ ಕೌದಿ ಇದಕ್ಕೆ ವಿರುದ್ಧ. ಒಂದು ಮೂಲೆಯಲ್ಲಿ ಸೂಜಿ ಚುಚ್ಚಿದರೆ ನಾಲ್ಕೂ ಅಂಚು ಸುತ್ತಿ ಬಂದು, ಅದರೊಳಗೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು, ಹೀಗೆ ಚೌಕದೊಳಗೆ ಚೌಕವಾಗಿ ನಡುವಿನ ತನಕ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕವಂದಿಯೂ ಹೀಗೇ ಒಳಮುಖವಾಗಿ ನಡೆಯುತ್ತದೆ. ಅವರು ಮೂಲೆಗೆ ಮಡಿಚಿದ ಮೂರು ಮೂಲೆಯ ತುಂಡು ಹಚ್ಚಿ ಅದನ್ನು ಹೂವು ಅನ್ನುತ್ತಾರೆ, ಅದಿಲ್ಲದಿದ್ದರೆ ಕವಂದಿ ಬತ್ತಲೆ. ಅಂಚಿನಿಂದ ಹೊರಡುವುದಕ್ಕೆ ಕಾರಣ ಸರಳ: ಹಳೆಯ ಬಟ್ಟೆ, ಎಲ್ಲಿ ಹಿಡಿದರೂ ಜಾರುತ್ತದೆ, ಮೊದಲು ಸುತ್ತ ಬೇಲಿ ಕಟ್ಟಿಕೊಳ್ಳಬೇಕು. ಮತ್ತೆ, ತ್ಯಾಪಿಗಳನ್ನು ಮೊದಲೇ ಜೋಡಿಸಿಟ್ಟುಕೊಂಡಿರುವುದಿಲ್ಲ. ಸೂಜಿ ಬಂದಂತೆ ಒಂದೊಂದೇ ಇಡುತ್ತ ಹೋಗುವುದು.

ಹೀಗಾದರೆ ಬಟ್ಟೆಯ ಸಡಿಲೆಲ್ಲ ಎಲ್ಲಿಗೆ ಹೋಗಬೇಕು? ನಡುವಿಗೆ ಬಂದು ಕೂಡುತ್ತದೆ. ಕೌದಿಯ ಮಧ್ಯ ಉಬ್ಬಿ ನಿಲ್ಲುತ್ತದೆ. ಯಾವ ಜಾಣೆ ಹೊಲಿದರೂ ಅಷ್ಟಿಷ್ಟು ಉಬ್ಬುವುದೇ. ಈ ಉಬ್ಬನ್ನು ಏನು ಮಾಡುತ್ತೀ ಎಂಬ ಪ್ರಶ್ನೆ ಪ್ರತಿಯೊಬ್ಬಳಿಗೂ ಎದುರಾಗುತ್ತದೆ, ಪ್ರತಿಯೊಬ್ಬಳೂ ತನ್ನ ಉತ್ತರ ಹುಡುಕಿಕೊಂಡಿರುತ್ತಾಳೆ.

ನಮ್ಮವ್ವ ಉಬ್ಬನ್ನು ಚಿವುಟಿ ಸಣ್ಣ ಸಣ್ಣ ಮಡಿಕೆ ಮಾಡಿ, ಅದರ ಮೇಲೆ ಖಣದ ಚೂರುಗಳನ್ನು ಒತ್ತೊತ್ತಾಗಿ ಹಚ್ಚುತ್ತಿದ್ದಳು. ಹೊರಗೆ ದೊಡ್ಡ ದೊಡ್ಡ ತ್ಯಾಪಿ, ಒಳಗೆ ಹೋದಂತೆ ಚಿಕ್ಕವಾಗುತ್ತ ನಡುವಿನಲ್ಲಿ ಬೆರಳಗಲದ ಚೂರುಗಳ ಗದ್ದಲ. ಗಿರಣಿಯ ಚಾಳಿನಲ್ಲಿ ಎಲ್ಲರೂ ಅವಳ ಕೌದಿಯನ್ನು ದೂರದಿಂದಲೇ ಗುರುತಿಸುತ್ತಿದ್ದರು. ಅತ್ತೆಯದು ಬೇರೆ ಸ್ವಭಾವ. ಉಬ್ಬೇ ಬರಬಾರದೆಂದು ಮೊದಲ ಸುತ್ತಿನಿಂದಲೇ ಟಾಕು ಬಿಗಿಯಾಗಿ ಎಳೆದು, ಅಂಗೈಯಿಂದ ಬಟ್ಟೆಯನ್ನು ಹಿಂದಕ್ಕೆ ಸವರಿ ಸವರಿ ಹೊಲಿಯುತ್ತಿದ್ದರು. ನಿಧಾನ, ಮಳೆಗಾಲಕ್ಕೆ ಹಿಡಿದದ್ದು ಸಂಕ್ರಮಣಕ್ಕೂ ಮುಗಿಯದು. ಅವರ ಕೌದಿಯಲ್ಲಿ ತ್ಯಾಪಿಗೆ ಕೆಲಸವೇ ಕಡಿಮೆ, ಎರಡು ಮೂರು ಬಣ್ಣ, ಟಾಕಿನ ಸಾಲೇ ಅಲಂಕಾರ. ನನ್ನ ಕಣ್ಣಿಗೆ ಅದು ಒಣ ಒಣ ಅನ್ನಿಸುತ್ತಿತ್ತು. ಕೈಯಿಂದ ಮುಟ್ಟಿದರೆ ಮಾತ್ರ ಅದರ ಗುಣ ತಿಳಿಯುವುದು. ಚಿಕ್ಕವ್ವ ಅವಸರದವಳು, ಉಬ್ಬಿದರೆ ಉಬ್ಬಲಿ ಅಂತ ಮಧ್ಯಕ್ಕೆ ಬಂದ ಮೇಲೆ ಒಂದು ದೊಡ್ಡ ಕೆಂಪು ಚೌಕ ಬಡಿದು, ಅದಕ್ಕೆ ಅಡ್ಡಡ್ಡ ಎರಡು ಸಾಲು ಹಾಕಿ ಮುಗಿಸಿಬಿಡುತ್ತಿದ್ದಳು. ಮೂವರಲ್ಲಿ ಚಿತ್ರದ ಹಾಗೆ ಕಾಣುತ್ತಿದ್ದದ್ದು ಅವಳದೇ. ಇದನ್ನು ಅತ್ತೆಯ ಎದುರಿಗೆ ಅನ್ನಲಿಕ್ಕೆ ನನಗೆ ಎಂದೂ ಧೈರ್ಯ ಬರಲಿಲ್ಲ.

ನಡುವಿನ ಕೊನೆಯ ತ್ಯಾಪಿ ಮುಚ್ಚುವ ಮುಂಚೆ ಅದರಡಿ ಒಂದು ಚೂರು ರೊಟ್ಟಿ, ನಾಲ್ಕು ಅಕ್ಕಿಕಾಳು ಇಡುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದರೆ ನಿದ್ದೆ ಹತ್ತುವುದಿಲ್ಲ ಅಂತ ಅವ್ವ. ಇಲಿಗೆ ವಾಲಗ ಊದಿಸಿ ಕರೆದಂತೆ ಅಂತ ಅಪ್ಪ. ಕೂಸಿನ ಕೌದಿಗೆ ಹೊಸ ಬಟ್ಟೆ ಹಾಕುತ್ತಿರಲಿಲ್ಲ; ಅಜ್ಜಿಯ ಸೀರೆಯೇ ಬೇಕು, ನೂರು ಸಲ ತೊಳೆದು ಬೆಣ್ಣೆಯಂತಾದದ್ದು.

ಮೂಡಲಗಿ ಸೀಮೆಯಲ್ಲಿ ಕೌದಿಗೆ ಇನ್ನೊಂದು ಕೆಲಸವೂ ಇತ್ತು. ಬಯಲಾಟ ನೋಡಲು ಹೋಗುವವರು ಕೌದಿ ಹೊತ್ತುಕೊಂಡು ಹೋಗಿ ಸಂಜೆಯೇ ಜಾಗ ಹಿಡಿಯುತ್ತಿದ್ದರು. ಕುಲಗೋಡ ಇಲ್ಲೇ. ಕುಲಗೋಡ ತಮ್ಮಣ್ಣ, ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಎತ್ತಿಕೊಂಡು ತನ್ನ ರೀತಿಯಲ್ಲಿ ಮತ್ತೆ ಕಟ್ಟಿದವನು. ರುಕ್ಮಿಣಿ-ಸತ್ಯಭಾಮೆಯರ ಜಗಳವನ್ನು ನಮ್ಮ ಓಣಿಯ ಮಾತಿಗೆ ಇಳಿಸಿದವನು. ಕೌಜಲಗಿ ನಿಂಗಮ್ಮನ ಸತ್ಯಭಾಮೆಯನ್ನು ಕಂಡವರು ನಾನು ಸಣ್ಣವಳಿದ್ದಾಗ ಇನ್ನೂ ಇದ್ದರು. ಪಾರಿಜಾತದಲ್ಲಿ ಭಾಗವತನೂ ದೂತಿಯೂ ಸವಾಲು-ಜವಾಬು ಬೆಳೆಸುವಾಗ ಅಂದಂದಿನ ಊರಿನ ಸುದ್ದಿ ಒಳಗೆ ಬರುತ್ತದೆ. ಹಾಡು ಕಟ್ಟಿಟ್ಟದ್ದು, ನಡುವಿನ ಮಾತು ಆ ರಾತ್ರಿಯದು. ಅದನ್ನು ಬರೆದುಕೊಂಡು ಬಾಯಿಪಾಠ ಮಾಡಿ ಒಪ್ಪಿಸಿದ ಆಟಗಳನ್ನೂ ನಾನು ನೋಡಿದ್ದೇನೆ, ಸರಕಾರದ ಉತ್ಸವಗಳಲ್ಲಿ ಅರ್ಧ ಗಂಟೆಗೆ ಕತ್ತರಿಸಿದವು. ಜನ ಮೊಬೈಲು ನೋಡುತ್ತ ಕೂತಿದ್ದರು.

ಕೌದಿಗೂ ಅಂಥದೊಂದು ಕಾಲ ಬಂತು. ಒಂದು ಸಂಸ್ಥೆಯವರು ಪಟ್ಟಣದ ಅಂಗಡಿಗೆ ಕೌದಿ ಬೇಕೆಂದು ಆರ್ಡರು ತಂದರು. ಬಣ್ಣದ ನಕಾಶೆ ಅಚ್ಚು ಹಾಕಿಸಿದ್ದರು. ಚೌಕ ಇಷ್ಟೇ ಇಂಚು, ಬಣ್ಣ ಇಂಥವೇ ಐದು, ಹತ್ತಿ ಬಟ್ಟೆ ಹೊಸದು, ಅವರೇ ಥಾನು ಕಳಿಸಿದರು. ನಾನು ಮೇಲ್ವಿಚಾರಣೆಗೆ ಇದ್ದೆ. ಹೆಂಗಸರು ಹೊಲಿದರು, ಚೆನ್ನಾಗಿಯೇ ಹೊಲಿದರು. ರೊಕ್ಕ ಹೇಳಿದ ದಿನಕ್ಕೆ ಬಂತು. ಇದನ್ನು ಹೇಳದಿದ್ದರೆ ಅನ್ಯಾಯ. ಕೌದಿ ಹೊಲಿದು ಬ್ಯಾಂಕಿನ ಪಾಸ್‌ಬುಕ್ಕು ಮಾಡಿಸಿದವರು ಅವರಲ್ಲಿ ಎಷ್ಟೋ ಜನ. ಹಳೆಯ ಪದ್ಧತಿಯೇ ಸ್ವರ್ಗ ಎಂದು ಹೇಳುವವರು ಜೋಳದ ಕೂಲಿಗೆ ಬೆನ್ನು ಬಗ್ಗಿಸಿ ನೋಡಬೇಕು.

ಆದರೆ ಒಂದು ಬದಲಾವಣೆ ನನ್ನ ಕಣ್ಣೆದುರೇ ಆಯಿತು. ನಕಾಶೆ ಬಂದ ಮೇಲೆ ಗಂಟು ಸುರಿದು ನೋಡುವ ಕೆಲಸ ನಿಂತಿತು. ತ್ಯಾಪಿಗಳನ್ನು ಮೊದಲೇ ಕತ್ತರಿಸಿ ಜೋಡಿಸುವುದರಿಂದ ಅಂಚಿನಿಂದ ಹೊರಡುವ ಕಾರಣವೂ ಉಳಿಯಲಿಲ್ಲ. ನಡುವಿನಿಂದ ಹೊರಗೆ ಹೊಲಿಯಿರಿ ಎಂದು ಅವರೇ ಹೇಳಿಕೊಟ್ಟರು. ಉಬ್ಬು ಮಾಯ. ಉಬ್ಬು ಹೋದ ಕೂಡಲೇ ಅವ್ವನ ಕೌದಿ, ಅತ್ತೆಯ ಕೌದಿ, ಚಿಕ್ಕವ್ವನ ಕೌದಿ ಎಂಬ ಭೇದವೂ ಹೋಯಿತು. ಹೊಲಿದವರೇ ರಾಶಿಯಲ್ಲಿ ತಮ್ಮದು ಯಾವುದೆಂದು ಗುರುತಿಸಲಾರದೆ ಹಿಂದಿನ ಚೀಟಿ ತಿರುಗಿಸಿ ನೋಡುತ್ತಿದ್ದರು. ಮೊದಲು ಹೊಲಿಯುವಾಗ ನಡೆಯುತ್ತಿದ್ದ ಜಗಳವೂ ಇಲ್ಲ. “ಅಲ್ಲಿ ಹಸರ ಹಚ್ಚಬ್ಯಾಡ”, “ಹಚ್ಚತೀನಿ, ನಿಂದೇನು” ಎಂಬ ಗಲಾಟೆ ಕೌದಿಯ ಜತೆಗೇ ಇರುತ್ತಿತ್ತು. ಈಗ ಕೈ ಮಾತ್ರ ಆಡುತ್ತಿತ್ತು, ಮಾತು ಟೀವಿ ಧಾರಾವಾಹಿಯ ಬಗ್ಗೆ.

ಇಂಥದೇ ಕತೆ ಬೇರೆ ಕಡೆಯೂ ನಡೆದಿದೆ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಅಲಬಾಮಾ ನದಿ ಸುತ್ತುಹಾಕಿದ ಜಾಗ, ಹಿಂದೆ ಗುಲಾಮರನ್ನು ದುಡಿಸಿ ಹತ್ತಿ ಬೆಳೆದ ಜಮೀನು. ಅಲ್ಲಿನ ಕಪ್ಪು ಹೆಂಗಸರು ಹೊಲದ ಕೆಲಸದ ಸವೆದ ಪ್ಯಾಂಟು, ಹಿಟ್ಟಿನ ಚೀಲಗಳಿಂದ ಕೌದಿ ಹೊಲಿಯುತ್ತಿದ್ದರು. ನಮೂನೆ ನೋಡದೆ ತಾನೇ ಕಟ್ಟಿಕೊಂಡು ಹೋದ ಕೌದಿಗೆ ಅವರು ಇಟ್ಟ ಹೆಸರು ‘ಮೈ ವೇ’. 1966ರಲ್ಲಿ ಆ ಸೀಮೆಯಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರಿ ಸಂಘ ಸುರುವಾಯಿತು. ಪೇಟೆಯ ದೊಡ್ಡ ಅಂಗಡಿಗಳಿಗೆ ಒಂದೇ ನಮೂನೆಯ ಮಾಲು ಬೇಕು. 1972ರಲ್ಲಿ ಸಿಯರ್ಸ್ ಕಂಪನಿಯಿಂದ ಕಾರ್ಡುರಾಯ್ ಬಟ್ಟೆಯ ದಿಂಬಿನ ಹೊದಿಕೆಯ ಗುತ್ತಿಗೆ ಬಂತು. ಅಳತೆಗೆ ಸರಿಯಾಗಿ, ಒಂದರಂತೆ ಇನ್ನೊಂದು. ಸಂಬಳವೂ ಬಂತು. ಆದರೆ ಕತ್ತರಿಸಿ ಉಳಿದ ಕಾರ್ಡುರಾಯ್ ಚೂರುಗಳನ್ನು ಅವರು ಮನೆಗೆ ಒಯ್ದರು, ತಮ್ಮ ಮನಸ್ಸಿಗೆ ಬಂದ ಹಾಗೆ ಹೊಲಿದರು. 2002ರಲ್ಲಿ ಹ್ಯೂಸ್ಟನ್ನಿನಲ್ಲೂ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲೂ ಗೋಡೆಗೆ ಹಾಕಿ ದೊಡ್ಡ ದೊಡ್ಡವರು ಬೆರಗಾಗಿ ನೋಡಿದ ಕೌದಿಗಳಲ್ಲಿ ಆ ಕಾರ್ಡುರಾಯ್ ಚೂರಿನವೂ ಇದ್ದವು. ಗುತ್ತಿಗೆಯ ದಿಂಬಿನ ಹೊದಿಕೆಯನ್ನು ಯಾರೂ ಗೋಡೆಗೆ ಹಾಕಲಿಲ್ಲ.

ನಮ್ಮ ಆರ್ಡರಿನಲ್ಲೂ ಥಾನಿನ ಚೂರು ಉಳಿದವು. ಐದು ಬಣ್ಣದ ಹೊಸ ಹತ್ತಿ ಬಟ್ಟೆ. ಹೆಂಗಸರು ಉಡಿಯಲ್ಲಿ ಕಟ್ಟಿಕೊಂಡು ಹೋದರು. ಮುಂದಿನ ಮಹಾನವಮಿಗೆ ಘಟ ಹಾಕುವ ಮುಂಚೆ ಮನೆಮನೆಯ ಹಾಸಿಗೆ-ಹೊದಿಕೆ ತೊಳೆಯಲು ಹೊಳೆಗೆ ಬಂದಾಗ ಆ ಐದು ಬಣ್ಣ ಘಟಪ್ರಭೆಯ ದಂಡೆಯ ಕಲ್ಲುಗಳ ಮೇಲೆ ಎಷ್ಟು ತರ ಹರಡಿಕೊಂಡಿದ್ದವೆಂದರೆ, ನಕಾಶೆ ಬರೆದವರನ್ನು ಕರೆತಂದು ತೋರಿಸಬೇಕಿತ್ತು. ಒಬ್ಬಳು ನೀಲಿಯನ್ನೆಲ್ಲ ಅಂಚಿಗೇ ತೀರಿಸಿದ್ದಳು. ಒಬ್ಬಳು ಗಂಡನ ಪೊಲೀಸ್ ಖಾಕಿಯ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಚುಕ್ಕೆ ಇಟ್ಟಿದ್ದಳು.

ಬಟ್ಟೆಯೂ ಬದಲಾಯಿತು. ಎಪ್ಪತ್ತರ ದಶಕದಲ್ಲಿ ಟೆರಿಕಾಟ್ ಅಂಗಿ, ನೈಲೆಕ್ಸ್ ಸೀರೆ ಬಂದಾಗ ಊರೆಲ್ಲ ಹಬ್ಬ. ತೊಳೆದರೆ ಅರ್ಧ ತಾಸಿಗೆ ಒಣಗುವ ಸೀರೆ ಯಾರಿಗೆ ಬೇಡ? ಆದರೆ ಅದು ಸವೆಯುವುದಿಲ್ಲ, ಮೆತ್ತಗಾಗುವುದಿಲ್ಲ, ಟಾಕು ಹಾಕಿದಲ್ಲಿ ನಿಲ್ಲದೆ ಜಾರುತ್ತದೆ. ಬೆವರು ಹೀರುವುದಿಲ್ಲ. ಗಂಟಿನಲ್ಲಿ ಹತ್ತಿ ಕಡಿಮೆಯಾದಂತೆ ಅತ್ತೆಯ ಬಿಗಿ ಟಾಕಿನ ವಿದ್ಯೆ ಕೆಲಸಕ್ಕೆ ಬಾರದಾಯಿತು. ನುಣುಪು ಬಟ್ಟೆಯನ್ನು ಬಿಗಿಯಾಗಿ ಎಳೆದರೆ ಮುದುಡುತ್ತದೆ. ಚಿಕ್ಕವ್ವ ಬದುಕಿಕೊಂಡಳು. ಪಾಲಿಸ್ಟರ್ ಸೀರೆಯನ್ನು ಕತ್ತರಿಸದೆ ಇಡೀ ಮೇಲೆ ಹೊದಿಸಿ, ಒಳಗೆ ಹಳೆಯ ಕೌದಿ ಇಟ್ಟು, ದೂರ ದೂರ ಸಾಲು ಹಾಕಿದಳು. ಹಗುರ, ಬೇಗ ಒಣಗುತ್ತದೆ, ಚಳಿಗೆ ಸಾಕು. ಸಂಕೇಶ್ವರದ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಬರುವ ಗ್ಯಾಂಗಿನವರ ಗಾಡಿಗಳಲ್ಲಿ ಈಗ ಕಾಣುವುದು ಹೆಚ್ಚಾಗಿ ಇಂಥವೇ.

2019ರ ಆಗಸ್ಟಿನ ಮಹಾಪೂರದಲ್ಲಿ ಗೋಕಾಕ ಪೇಟೆಗೂ ಮೂಡಲಗಿ ಕಡೆಯ ಹೊಳೆದಂಡೆಯ ಊರುಗಳಿಗೂ ನೀರು ನುಗ್ಗಿತು. ಲೋಳಸೂರ ಸೇತುವೆ ಮುಳುಗಿತ್ತು. ನೀರು ಇಳಿದ ಮೇಲೆ ಮನೆಗಳಿಂದ ಹೊರಗೆಳೆದ ವಸ್ತುಗಳಲ್ಲಿ ಭಾರವಾಗಿದ್ದವು ಕೌದಿಗಳು. ಹತ್ತು ಪದರು ಹತ್ತಿ ಕೆಸರು ನೀರು ಕುಡಿದರೆ ಇಬ್ಬರು ಗಂಡಸರು ಎತ್ತಬೇಕು. ಒಣಗಿಸಲು ಬಿಸಿಲೇ ಇಲ್ಲ, ಒಳಗೊಳಗೇ ಬೂಸಲು. ಎಷ್ಟೋ ಕೌದಿ ಗುಂಡಿಗೆ ಹೋದವು. ಪರಿಹಾರಕ್ಕೆ ಬಂದದ್ದು ಲಾರಿಗಟ್ಟಲೆ ಚಾದರ, ರಗ್ಗು. ಕೆಲವು ಸಂಗ್ರಹಾಲಯದಲ್ಲಿ ಇರಬೇಕಾದವು ಆ ಗುಂಡಿಗಳಲ್ಲಿದ್ದವು ಎಂದು ನನ್ನ ಲೆಕ್ಕ. ಯಾರ ಬಳಿಯೂ ಫೋಟೊ ಇಲ್ಲ. ನಿತ್ಯ ಹೊದೆಯುವ ವಸ್ತುವಿನ ಫೋಟೊ ಯಾರು ತೆಗೆಯುತ್ತಾರೆ.

ಪೂರ ಇಳಿದ ಮುಂದಿನ ವರ್ಷ ಮೂಡಲಗಿಯಲ್ಲಿ ಮಿಷಿನ್ ಇಟ್ಟುಕೊಂಡು ಕೌದಿ ಹೊಲಿಯುವವರು ಹೆಚ್ಚಾದರು. ಒಬ್ಬ ಹುಡುಗಿ ನನ್ನ ಕಡೆ ರವಿಕೆ ಕಲಿತವಳು. ಜೀನ್ಸು, ಟೀಶರ್ಟು, ಶಾಲೆಯ ಯೂನಿಫಾರ್ಮು, ನೈಟಿ, ಏನು ಕೊಟ್ಟರೂ ಹೊಲಿಯುತ್ತಾಳೆ. ಮಿಷಿನ್ನಿನಲ್ಲಿ ಅಂಚಿನಿಂದ ಸುತ್ತಿ ಬರುವುದು ಕಷ್ಟ, ಅಷ್ಟು ದೊಡ್ಡದು ಕೈಯ ಕೆಳಗೆ ತಿರುಗುವುದಿಲ್ಲ. ಅದಕ್ಕೆ ಆಕೆ ಕೌದಿಯನ್ನು ಉದ್ದುದ್ದ ಪಟ್ಟಿಗಳಾಗಿ ಹೊಲಿದು ಆಮೇಲೆ ಕೂಡಿಸುತ್ತಾಳೆ. ಉಬ್ಬು ಈಗ ನಡುವಿನಲ್ಲಿ ಬರುವುದಿಲ್ಲ, ಪಟ್ಟಿಪಟ್ಟಿಯ ಕೂಡಿಕೆಯಲ್ಲಿ ಬರುತ್ತದೆ. ಅಲ್ಲಿಗೆ ಜೀನ್ಸಿನ ಕಿಸೆಗಳನ್ನು ಬಿಚ್ಚಿ ಹಚ್ಚುತ್ತಾಳೆ. ಕಿಸೆಯ ಬಾಯಿ ಹೊಲಿಯದೆ ಬಿಟ್ಟಿರುತ್ತಾಳೆ. ಮಕ್ಕಳು ಅದರೊಳಗೆ ಕೈ ಇಟ್ಟುಕೊಂಡು ಮಲಗುತ್ತಾರಂತೆ, ಮೊಬೈಲು ಚಾರ್ಜಿಗೆ ಹಚ್ಚಿ ಅಲ್ಲೇ ಇಡುತ್ತಾರಂತೆ. ಹೋದ ಸಲ ನಾನು ಹೋದಾಗ ಬೆಳಗಾವಿ ಕಡೆಯ ಗಿರಾಕಿ ಒಬ್ಬರು ಫೋನಿನಲ್ಲಿ ಯಾವುದೋ ಚಿತ್ರ ತೋರಿಸಿ, ಇಂಥದೇ ಬೇಕು, ಏನು ರೇಟು ಅಂತ ಕೇಳುತ್ತಿದ್ದರು. ಆಕೆ ಫೋನು ನೋಡಿ, ಚಂದ ಐತಿ ಅಂದಳು, ತಿರುಗಿ ಕೊಟ್ಟಳು.

“ಅರಿಬಿ ಗಂಟ ಎಲ್ಲೈತ್ರಿ? ಅದನ್ನ ತರ್ರಿ ಮೊದಲ. ಸುರುವಿ ನೋಡಿದ ಮ್ಯಾಲ ರೇಟ ಹೇಳ್ತೀನಿ.”

ಗಿರಾಕಿ ಕಾರಿನ ಡಿಕ್ಕಿ ತೆಗೆಯಲು ಎದ್ದರು.